‘ಸಹೋದರಿ’ ಅಂತ ಯಾರು ಕರೆಯುತ್ತಾರೆ?

ಪ್ರೀತಿಯ ಲೇಖಕಿಗೆ,

ನಿಮ್ಮ ಕಥೆ ಓದಿದೆ. 1937ರಲ್ಲಿ ಜಪಾನಿನ ದಾಳಿಗೆ ಹೆದರಿ ಚೀನಾದ ನಾನ್‌ಜಿಂಗ್ ಬಿಟ್ಟು ಚೊಂಗ್‌ಚಿಂಗ್‌ಗೆ ಓಡಿಬಂದ ಕುಟುಂಬ, ಮೂರು ಹೆಣ್ಣುಮಕ್ಕಳು, ಯುದ್ಧ ಮುಗಿದ ಮೇಲೆ, 1949ರಲ್ಲಿ, ನಡುವಿನವಳು ಗಂಡನ ಜೊತೆ ತೈವಾನ್ ಸೇರುವುದು, ಅರ್ಧ ಆಯಸ್ಸು ಕಳೆದ ಮೇಲೆ ವಾಪಸ್ ಬರುವುದು. ಚೆನ್ನಾಗಿ ಓದಿಕೊಂಡು ಬರೆದಿದ್ದೀರಿ, ಭಾಷೆಯೂ ಶುದ್ಧವಾಗಿದೆ. ಆದರೆ ಒಂದು ಪದ ನನಗೆ ರಾತ್ರಿಯಿಡೀ ಚುಚ್ಚಿತು. ಅದನ್ನೇ ಹೇಳಿಬಿಡುತ್ತೇನೆ.

‘ಸಹೋದರಿ’. ನಲವತ್ತೊಂದು ಸಲ ಬಂದಿದೆ, ಎಣಿಸಿದೆ.

ಬಾಂಬ್ ದಾಳಿಯಿಂದ ತಪ್ಪಿಸಿಕೊಳ್ಳಲು ಓಡುವ ಸುರಂಗದ ದೃಶ್ಯ ನೋಡಿ. ‘ಮೂವರು ಸಹೋದರಿಯರು ಒಳಗೆ ಓಡಿದರು. ಹಿರಿಯ ಸಹೋದರಿ ಕಿರಿಯ ಸಹೋದರಿಯ ಕೈ ಹಿಡಿದುಕೊಂಡಳು.’ ಇದು ಯಾವ ಮನೆಯ ಮಾತು? ಚೀನೀ ಭಾಷೆಯಲ್ಲಿ ಅಕ್ಕನಿಗೆ ‘ಜ್ಯೆಜ್ಯೆ’, ತಂಗಿಗೆ ‘ಮೇಯ್‌ಮೇಯ್’. ಇಬ್ಬರನ್ನೂ ಸೇರಿಸಿ ಹೇಳಬೇಕಾದರೆ ‘ಜ್ಯೆಮೇಯ್’, ನಮ್ಮ ‘ಅಕ್ಕತಂಗಿ’ಯ ಹಾಗೇ! ಮೊದಲನೆಯವಳು ದಾಜ್ಯೆ, ದೊಡ್ಡಕ್ಕ. ಎರಡನೆಯವಳು ಎರ್‌ಜ್ಯೆ. ಇಷ್ಟು ಹತ್ತಿರದ ಪದಗಳು ನಮ್ಮ ಬಾಯಲ್ಲೇ ಇರುವಾಗ ಇಂಗ್ಲಿಷಿನ ‘ಸಿಸ್ಟರ್’ ದಾರಿ ಸುತ್ತಿಕೊಂಡು ಬಂದ ‘ಸಹೋದರಿ’ ಯಾಕೆ ಬೇಕು? ‘ದೊಡ್ಡಕ್ಕ ಪುಟ್ಟ ತಂಗಿಯ ಕೈ ಹಿಡಿದುಕೊಂಡಳು’ ಅಂತ ಬರೆದು ನೋಡಿ. ತಕ್ಷಣ ಒಂದು ಪ್ರಶ್ನೆ ಏಳುತ್ತದೆ. ನಡುವಿನವಳ ಕೈ ಯಾರು ಹಿಡಿದಿದ್ದರು? ನೀವು ಅವಳನ್ನು ಮರೆತೇಬಿಟ್ಟಿದ್ದೀರಿ. ಮರೆತದ್ದು ನಿಮಗೆ ಕಾಣದಂತೆ ಮಾಡಿದ್ದು ಆ ಪದವೇ.

ಹತ್ತಿ ತುಂಬಿದ ಕೋಟಿನ ಕಡೆಗೂ ಬನ್ನಿ. ‘ಹಿರಿಯ ಸಹೋದರಿಯ ಕೋಟು ಕಿರಿಯರಿಗೆ ಬಂತು’ ಅಂದು ಮುಗಿಸಿದ್ದೀರಿ. ಅಕ್ಕನ ಬಟ್ಟೆ ತೊಟ್ಟು ಬೆಳೆದವರಿಗೆ ಗೊತ್ತು, ಅದು ಸುಮ್ನೆ ‘ಬರುವುದಿಲ್ಲ’. ತೋಳು ಎರಡು ಮಡಿಕೆ ಮಡಚಬೇಕು. ಮೊಣಕೈ ಹತ್ತಿರ ಹತ್ತಿ ಗಂಟುಕಟ್ಟಿರುತ್ತದೆ. ಮೂರನೆಯವಳಿಗೆ ಬರುವ ಹೊತ್ತಿಗೆ ಆ ಮಡಿಕೆಯ ಗೆರೆ ಮಾತ್ರ ಬಣ್ಣ ಉಳಿಸಿಕೊಂಡಿರುತ್ತದೆ.

ನಾನು ಪತ್ರಿಕೆಗೆ ಸೇರಿದಾಗ ನನಗೆ ಇಪ್ಪತ್ತೆರಡು. ನನ್ನ ಮೊದಲ ಕಥೆಯಲ್ಲಿ ಎಲ್ಲೆಲ್ಲೂ ‘ಸಹೋದರ’. ನಮ್ಮ ಸಂಪಾದಕರು ಕೆಂಪು ಪೆನ್ಸಿಲಿನಲ್ಲಿ ಎಲ್ಲಕ್ಕೂ ಸುತ್ತು ಹಾಕಿ, ‘ಮನೇಲಿ ಊಟಕ್ಕೆ ಹೇಗೆ ಕರೀತೀಯಪ್ಪ?’ ಅಂತ ಕೇಳಿದರು. ‘ಅಣ್ಣಾ, ಊಟಕ್ಕೆ ಬಾ ಅಂತ’ ಅಂದೆ. ‘ಮತ್ತೆ?’ ಅಂದರು, ಅಷ್ಟೇ. ಪುಟ ಆಗಲೇ ಜೋಡಿಸಿಯಾಗಿತ್ತು. ಆ ರಾತ್ರಿ ಅಚ್ಚಿನ ಮೊಳೆ ಜೋಡಿಸುವವರ ಪಕ್ಕ ನಿಂತಿದ್ದೆ. ಅವರು ಚಿಮಟದಲ್ಲಿ ಸ, ಹೋ, ದ, ರ ಒಂದೊಂದೇ ಕಿತ್ತು ‘ಅಣ್ಣ’ ಕೂರಿಸುತ್ತಿದ್ದರು. ಪದ ಚಿಕ್ಕದಾಯಿತು, ಸಾಲು ಸಡಿಲವಾಯಿತು, ಪ್ರತಿ ಸಾಲನ್ನೂ ಮತ್ತೆ ಬಿಗಿಮಾಡಬೇಕಾಯಿತು. ಅವರು ಒಂದು ಮಾತೂ ಆಡಲಿಲ್ಲ. ಆ ಮೌನ ನನಗೆ ಇವತ್ತಿಗೂ ನೆನಪಿದೆ.

ಇನ್ನೊಂದು. ‘ಜನವರಿಯ ತಿಳಿ ಆಕಾಶದಲ್ಲಿ ಜಪಾನಿನ ವಿಮಾನಗಳು’ ಅಂತ ಬರೆದಿದ್ದೀರಿ. ಚೊಂಗ್‌ಚಿಂಗ್ ಮಂಜಿನ ಊರು. ಚಳಿಗಾಲವಿಡೀ ಮಂಜು ಊರನ್ನು ಮುಚ್ಚಿರುತ್ತಿತ್ತು, ಜನ ಉಸಿರಾಡುತ್ತಿದ್ದದ್ದು ಆಗಲೇ. ಮಂಜು ಕರಗಿ ಆಕಾಶ ತಿಳಿಯಾದರೆ ಭಯ ಶುರು. 1939ರ ಮೇ 3 ಮತ್ತು 4ರ ದಾಳಿಗಳಲ್ಲಿ ಸಾವಿರಾರು ಜನ ಸತ್ತರು. 1941ರ ಜೂನ್ 5ರಂದು ಸುರಂಗದೊಳಗೇ ಉಸಿರುಕಟ್ಟಿ ಸತ್ತವರ ಲೆಕ್ಕ ಇವತ್ತಿಗೂ ಒಂದಾಗಿಲ್ಲ. ನಿಮ್ಮ ಹುಡುಗಿಯರು ಮಂಜನ್ನು ಪ್ರೀತಿಸಬೇಕು, ಅಲ್ವಾ? ಬಿಸಿಲು ಬಂದ ದಿನ ಅಮ್ಮನ ಮುಖ ನೋಡಬೇಕು.

ಕೊನೆಯ ದೃಶ್ಯ. ತೈವಾನ್ ಸರ್ಕಾರ ತನ್ನ ಜನರನ್ನು ಚೀನಾದಲ್ಲಿದ್ದ ಬಂಧುಗಳನ್ನು ನೋಡಿಬರಲು ಬಿಟ್ಟದ್ದು 1987ರ ನವೆಂಬರಿನಲ್ಲಿ. ಮರುವರ್ಷ ನಡುವಿನವಳು ಬರುತ್ತಾಳೆ. ದೊಡ್ಡಕ್ಕ ತೀರಿಹೋಗಿದ್ದಾಳೆ. ಬಾಗಿಲು ತೆಗೆದ ಕಿರಿಯವಳ ಬಾಯಲ್ಲಿ ನೀವು ‘ಸಹೋದರಿ, ನೀನಿನ್ನೂ ಬದುಕಿದ್ದೀಯಾ!’ ಅನ್ನಿಸಿದ್ದೀರಿ. ಬೇಡ. ‘ಎರ್‌ಜ್ಯೆ’ ಅಂದರೆ ಸಾಕು. ಆ ಹೆಸರಿನಿಂದ ಅವಳನ್ನು ಕರೆಯುವವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ. 39 ವರ್ಷ ಅದನ್ನು ಅವಳು ಕೇಳಿಲ್ಲ.

ಉಳಿದದ್ದನ್ನು ಆಮೇಲೆ ನೋಡೋಣ. ತಿದ್ದಿ ಕಳಿಸಿ, ನಾನು ಕಾಯುತ್ತೇನೆ. ಸುರಂಗದಲ್ಲಿ ನಡುವಿನವಳ ಕೈ ಯಾರು ಹಿಡಿದಿದ್ದರು ಅನ್ನುವುದು ನನಗೆ ಬೇಕು.

ನಿಮ್ಮ,
ಸಂಪಾದಕ