ಸ್ಕೌಟ್ ಸೈಕ್ಲಿಂಗ್ ಬ್ಯಾಡ್ಜ್: 12 ವರ್ಷದ ಹುಡುಗನಿಂದ ಒಂದೇ ದಿನ 50 ಮೈಲಿ ಆಗುತ್ತಾ?

ಆಗುತ್ತದೆ. ಅಮೆರಿಕದ ಸ್ಕೌಟ್ಸ್‌ನಲ್ಲಿರುವ ನಿಮ್ಮ ಮಗ ಸೈಕ್ಲಿಂಗ್ ಮೆರಿಟ್ ಬ್ಯಾಡ್ಜ್ (ಒಂದು ವಿಷಯ ಕಲಿತು ತೋರಿಸಿದ್ದಕ್ಕೆ ಕೊಡುವ ಪದಕ) ಬೇಕು ಅಂತಿದ್ದಾನೆ, ಅದಕ್ಕೆ ಕೊನೆಗೆ ಒಂದೇ ದಿನ 50 ಮೈಲಿ ತುಳಿಯಬೇಕು ಅಂದ ಕೂಡಲೇ ನಿಮಗೆ ಭಯವಾಗಿದೆ, ಅಲ್ವಾ? ಕೆಲವು ವರ್ಷಗಳಿಂದ ನಾನು ಮಕ್ಕಳ ಜೊತೆ ಈ ಸವಾರಿಗಳಿಗೆ ಹೋಗುತ್ತಿದ್ದೇನೆ. ಆ ಭಯ ಎಲ್ಲ ಅಪ್ಪ ಅಮ್ಮಂದಿರಿಗೂ ಇರುತ್ತದೆ.

ಲೆಕ್ಕ ಹಾಕಿ ನೋಡಿ. 50 ಮೈಲಿ ಅಂದರೆ 80 ಕಿಲೋಮೀಟರ್. ಅದನ್ನು ಮುಗಿಸಲು ಕೊಡುವ ಸಮಯ 8 ಗಂಟೆ. ಗಂಟೆಗೆ 10 ಕಿಲೋಮೀಟರ್ ಹೋದರೆ ಸಾಕು. ಆರಾಮಾಗಿ 15ರ ವೇಗದಲ್ಲಿ ತುಳಿದರೂ ಊಟಕ್ಕೆ, ನೀರಿಗೆ, ನೆರಳಲ್ಲಿ ಕೂರೋದಕ್ಕೆ ಎರಡೂವರೆ ಗಂಟೆ ಉಳಿಯುತ್ತದೆ. ಅದಕ್ಕೂ ಮೊದಲು 10, 15, 25 ಮೈಲಿಗಳ ಸವಾರಿ ಎರಡೆರಡು ಸಲ ಮುಗಿಸಿರಬೇಕು. ಕಾಲು ಪಳಗುವುದೇ ಅಲ್ಲಿ. ಪ್ರತಿ ಸವಾರಿಯ ತಾರೀಕು, ದಾರಿ, ಕಂಡದ್ದು ಎಲ್ಲ ಅವನೇ ಬರೆದಿಡಬೇಕು. ನನಗೆ ತುಂಬಾ ಇಷ್ಟದ ಭಾಗ ಅದು.

ಮಕ್ಕಳು ಜಾಸ್ತಿ ತಡವರಿಸುವುದು ಪಂಕ್ಚರ್ ಹಾಕುವಲ್ಲಿ. ಟಯರ್ ಬಿಚ್ಚಿ, ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಬರುವ ಜಾಗ ಗುರುತು ಮಾಡುವವರೆಗೆ ಎಲ್ಲ ಸರಿ. ಆಮೇಲೆ ಅವಸರ. ಸೊಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚ್ ಒತ್ತಿಬಿಡುತ್ತಾರೆ. ಹಸಿಯಾಗಿದ್ದರೆ ಅದು ಹಿಡಿಯುವುದಿಲ್ಲ, ಸ್ವಲ್ಪ ಒಣಗಬೇಕು. ಇನ್ನೊಂದು, ಟಯರಿನ ಒಳಗೆ ಬಟ್ಟೆಯಿಂದ ಒರೆಸಿ ಮುಳ್ಳು ಹುಡುಕುವುದನ್ನೇ ಮರೆಯುತ್ತಾರೆ. ಒಬ್ಬ ಹುಡುಗ ಒಂದೇ ಮುಳ್ಳಿಗೆ ಮೂರು ಸಲ ಟ್ಯೂಬ್ ಬಿಚ್ಚಿದ. ನಾಲ್ಕನೇ ಸಲ ಮುಳ್ಳು ಕೈಗೆ ಸಿಕ್ಕಾಗ ಅವನ ಮುಖ ನೋಡಬೇಕಿತ್ತು! ದಯವಿಟ್ಟು ನೀವು ಪಕ್ಕದಲ್ಲಿ ಸುಮ್ನೆ ಕೂತಿರಿ, ಅವನ ಕೈಯಲ್ಲೇ ಮಾಡಿಸಿ.

ಸೀಟಿನ ಎತ್ತರವನ್ನೂ ನೋಡಿ. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಮಡಿಸಿರಬೇಕು. ಸೀಟು ತಗ್ಗಾಗಿದ್ದರೆ 25 ಮೈಲಿಯಲ್ಲೇ ಮಂಡಿ ನೋಯುತ್ತದೆ. ಹೊರಡುವ ಮುಂಚೆ ಗಾಳಿ, ಬ್ರೇಕ್, ಚೈನ್ ನೋಡುವ ಅಭ್ಯಾಸವೂ ಆಗಲಿ.

ರಸ್ತೆ ಸವಾರಿ ಬೇಡ ಅನಿಸಿದರೆ ಇದೇ ಬ್ಯಾಡ್ಜ್‌ಗೆ ಮೌಂಟನ್ ಬೈಕಿಂಗ್ (ಕಚ್ಚಾ ಕಾಲುದಾರಿಗಳಲ್ಲಿ ಸವಾರಿ) ಆಯ್ಕೆ ಇದೆ. ಅದರಲ್ಲಿ ದೊಡ್ಡ ಸವಾರಿ 22 ಮೈಲಿ, 6 ಗಂಟೆ. ಮೈಲಿ ಕಡಿಮೆ ಅಂತ ಸುಲಭ ಅಂದ್ಕೋಬೇಡಿ, ಏರು ದಾರಿ ಸುಸ್ತು ಮಾಡಿಸುತ್ತದೆ.

ಯಾವುದೇ ಆಗಲಿ, ಮೊದಲ ಸವಾರಿಗೆ ಮುಂಚೆಯೇ ಬ್ಯಾಡ್ಜ್ ಕೌನ್ಸಿಲರ್ (ಬ್ಯಾಡ್ಜ್‌ಗೆ ಮಾರ್ಗದರ್ಶನ ಮಾಡಿ ಒಪ್ಪಿಗೆ ಕೊಡುವ ಹಿರಿಯರು) ಜೊತೆ ಮಾತಾಡಿ. 50 ಮೈಲಿಯ ದಾರಿಯನ್ನು ದೊಡ್ಡ ಹೆದ್ದಾರಿ ತಪ್ಪಿಸಿ ಮ್ಯಾಪಿನಲ್ಲಿ ಮಗನೇ ಗುರುತು ಮಾಡಲಿ. ಈ ವಾರ ಅದನ್ನೇ ಶುರು ಮಾಡಿಸಿ.