ಸೂಜಿಯ ಲೆಕ್ಕ ತಾಳೆಯಾಗದಿದ್ದಾಗ

ಪ್ರಶ್ನೆ: ತಾಯಿಯ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಒಂದು ಸೂಜಿ ಕಡಿಮೆ ಬಂತೆಂದು ಟೇಬಲ್ ಮೇಲೆಯೇ ಎಕ್ಸ್‌-ರೇ ತೆಗೆದರಂತೆ. ಅದರಲ್ಲಿ ಏನೂ ಕಾಣಲಿಲ್ಲ, ಆಮೇಲೆ ಸೂಜಿ ನೆಲದ ಮೇಲೆ ಸಿಕ್ಕಿತು. ಇದು ನಿರ್ಲಕ್ಷ್ಯವಲ್ಲವೇ? ಲೋಹಶೋಧಕ ಬಳಸಿದರೆ ಸಾಲದೇ?

ಸಂಪಾದಕರ ಉತ್ತರ: ನಿರ್ಲಕ್ಷ್ಯವಲ್ಲ. ಲೆಕ್ಕ ತಪ್ಪಿದ್ದು ಗೊತ್ತಿದ್ದೂ ಹೊಲಿಗೆ ಮುಗಿಸಿ ಕಳಿಸಿದ್ದರೆ ಆ ಮಾತು ಒಪ್ಪುತ್ತಿತ್ತು.

ಸರ್ಜನ್ ಕೈಗೆ ಉಪಕರಣ ಕೊಡುವ ಸ್ಕ್ರಬ್ ನರ್ಸ್ ಮತ್ತು ಹೊರಗಿನಿಂದ ಬೇಕಾದ್ದು ಒದಗಿಸುವ ಸರ್ಕ್ಯುಲೇಟಿಂಗ್ ನರ್ಸ್ ಇಬ್ಬರೂ ಒಟ್ಟಿಗೆ, ಗಟ್ಟಿಯಾಗಿ ಎಣಿಸಬೇಕು: ಶುರುವಿನಲ್ಲಿ, ಹೊಸ ಪ್ಯಾಕೆಟ್ ಒಡೆದಾಗಲೆಲ್ಲ, ಹೊಟ್ಟೆ ಮುಚ್ಚುವ ಮೊದಲು, ಚರ್ಮ ಹೊಲಿಯುವಾಗ, ಪಾಳಿ ಬದಲಾದಾಗ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಸುರಕ್ಷತಾ ಪಟ್ಟಿಯಲ್ಲೂ ಸೂಜಿಯ ಎಣಿಕೆ ಇದೆ. ಬಹು ಸೂಜಿಗಳ ಪ್ಯಾಕೆಟ್‌ನಲ್ಲಿ ಲೇಬಲ್ ನಂಬದೆ ಒಳಗಿನದನ್ನೇ ಎಣಿಸಬೇಕು. ಒಂದು ಸೂಜಿ ಕೊಟ್ಟರೆ ಒಂದು ವಾಪಸ್ ಪಡೆದು ಸಂಖ್ಯೆ ನಮೂದಿಸಿದ ಅಯಸ್ಕಾಂತದ ಪೆಟ್ಟಿಗೆಗೆ ಸೇರಿಸುವ ಕ್ರಮಕ್ಕಿಂತ ಒಳ್ಳೆಯ ಶೋಧಕ ಇನ್ನೊಂದಿಲ್ಲ. ಸೂಜಿ ಮುರಿದಿದ್ದರೆ ತುಂಡುಗಳನ್ನು ಜೋಡಿಸಿ, ಪೂರ್ತಿ ಇದೆಯೇ ಎಂದು ನೋಡಬೇಕು.

ಲೆಕ್ಕ ಕಡಿಮೆಯಾದರೆ ಹೊಲಿಗೆ ನಿಲ್ಲಬೇಕು. ಕಸ, ಬಟ್ಟೆ ಯಾವುದೂ ಹೊರಹೋಗಬಾರದು. ಸರ್ಜನ್ ಗಾಯದೊಳಗೆ ಹುಡುಕುವಾಗ ಉಳಿದವರು ಡ್ರೇಪ್‌ನ (ರೋಗಿಗೆ ಹೊದಿಸಿದ ಬಟ್ಟೆಯ) ಮಡಿಕೆ, ಸೂಜಿಹಿಡಿಕೆಯ ಬಾಯಿ, ರಕ್ತ ಹೀರಿ ತುಂಬುವ ಸಕ್ಷನ್ ಬಾಟಲಿ, ಚಪ್ಪಲಿಯ ಅಡಿ ಜಾಲಾಡುತ್ತಾರೆ. ನೆಲಕ್ಕೆ ಅಯಸ್ಕಾಂತದ ರೋಲರ್. ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಟ್ರೋಕಾರ್‌ನ, ಅಂದರೆ ಉಪಕರಣ ಒಳಬಿಡುವ ಕೊಳವೆಯ, ಕವಾಟವನ್ನೇ ಮೊದಲು ನೋಡಬೇಕು. ಹೊರತೆಗೆಯುವಾಗ ಸೂಜಿ ಅಲ್ಲಿ ಸಿಕ್ಕಿಕೊಳ್ಳುವುದುಂಟು. ಅಲ್ಲಿಲ್ಲವೆಂದಾದರೆ ಟೇಬಲ್ ಓರೆ ಮಾಡಬಾರದು. ಕರುಳು ಜಾರಿದರೆ ಸೂಜಿಯೂ ಜಾಗ ಬದಲಿಸೀತು.

ಆಮೇಲೆ ಎಕ್ಸ್‌-ರೇ. ಹೊಟ್ಟೆಯ ಪೂರ್ತಿ ಭಾಗ ಬರಬೇಕು, ಓದುವವರಿಗೆ ಕಳೆದುಹೋದ ಸೂಜಿಯ ಅಳತೆ ತಿಳಿಸಬೇಕು, ಸಂಶಯವಿದ್ದರೆ ಓರೆಯ ಇನ್ನೊಂದು ಚಿತ್ರ ಬೇಕು. ಇಲ್ಲಿ ಗಾತ್ರವೇ ಮುಖ್ಯ. ಸುಮಾರು 10 ಮಿ.ಮೀ.ಗಿಂತ ಚಿಕ್ಕ ಸೂಜಿ ಎಕ್ಸ್‌-ರೇಯಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ರಕ್ತನಾಳ ಹೊಲಿಯುವ ನವಿರಾದ 7-0, 8-0 ದಾರಗಳ ಸೂಜಿಗಳು ಎಷ್ಟೋ ಸಲ ಇಷ್ಟು ಚಿಕ್ಕವು. ಗರ್ಭಕೋಶ ತೆಗೆದ ಜಾಗಕ್ಕೆ ಹಾಕುವುದು ಸಾಮಾನ್ಯವಾಗಿ 36 ಅಥವಾ 40 ಮಿ.ಮೀ. ಸೂಜಿ. ಅದು ಒಳಗಿದ್ದಿದ್ದರೆ ಕಾಣುತ್ತಿತ್ತು. ಹಾಗಾಗಿ ನಿಮ್ಮ ತಾಯಿಯ ಚಿತ್ರದಲ್ಲಿ ಏನೂ ಕಾಣದಿದ್ದುದಕ್ಕೆ ಬೆಲೆಯಿದೆ.

ಲೋಹಶೋಧಕ ಇಲ್ಲಿ ಗೊಂದಲಕ್ಕೇ ದಾರಿ: ಟೇಬಲ್, ಗಾಯ ಅಗಲಿಸಿ ಹಿಡಿಯುವ ರಿಟ್ರಾಕ್ಟರ್, ಕ್ಲಿಪ್ಪು, ಎಲ್ಲವೂ ಲೋಹವೇ.

ಆಸ್ಪತ್ರೆಯಿಂದ ಆಪರೇಷನ್ ಟಿಪ್ಪಣಿಯ ಪ್ರತಿ ಕೇಳಿ. ಎಣಿಕೆ ತಪ್ಪಿದ್ದು, ಎಕ್ಸ್‌-ರೇ, ಸೂಜಿ ಸಿಕ್ಕ ಜಾಗ, ಕೊನೆಯ ಲೆಕ್ಕ ತಾಳೆಯಾದದ್ದು ಈ ನಾಲ್ಕೂ ಅದರಲ್ಲಿರಬೇಕು. ಇಲ್ಲದಿದ್ದರೆ ಬರೆಸಿಕೊಳ್ಳಿ.