ರಂಗನತಿಟ್ಟಿನಲ್ಲಿ ವಾಚರ್ ಕೆಲಸ: ಹಕ್ಕಿಗಿಂತ ಹೆಚ್ಚು ನೀರು ನೋಡ್ತೀವಿ

ನೀವು ಕೇಳಿರೋದು: "ರಂಗನತಿಟ್ಟಿನಂಥ ದ್ವೀಪಗಳನ್ನ ಕಾಯೋರ ದಿನ ಹೇಗಿರುತ್ತೆ? ಬೆಂಗಳೂರಿನ ಕೆಲಸ ಬಿಟ್ಟು ಹಕ್ಕಿಗಳ ಜೊತೆ ನೆಮ್ಮದಿಯಾಗಿ ಇದ್ದುಬಿಡೋಣ ಅನ್ನಿಸ್ತಿದೆ."

ನೆಮ್ಮದಿ ವಿಷಯ ಆಮೇಲೆ. ನಾನು ಇಲ್ಲಿ ವಾಚರ್. ಊರು ಶ್ರೀರಂಗಪಟ್ಟಣದ ಪಕ್ಕದಲ್ಲೇ, ಸೈಕಲ್ಲು ತುಳಿದರೆ ಕಾಲು ಗಂಟೆ. ನೀವು ಅಂದ್ಕೊಂಡಿರೋ ಹಾಗೆ ದ್ವೀಪದ ಮೇಲೆ ಗುಡಿಸಲು ಹಾಕ್ಕೊಂಡು ಯಾರೂ ಇಲ್ಲ. ಗೂಡು ಕಟ್ಟೋ ಕಾಲದಲ್ಲಿ ನಾವೇ ಅಲ್ಲಿಗೆ ಕಾಲಿಡಲ್ಲ. ಒಬ್ಬ ಇಳಿದ ಅಂದ್ರೆ ಇಡೀ ತಿಟ್ಟಿನ ಹಕ್ಕಿ ಒಟ್ಟಿಗೆ ಎದ್ದುಬಿಡ್ತವೆ. ಅವು ವಾಪಸ್ ಬಂದು ಕೂರೋ ಅಷ್ಟರಲ್ಲಿ ಕಾಗೆ ಮೊಟ್ಟೆ ಎತ್ಕೊಂಡು ಹೋಗಿರುತ್ತೆ, ಪುಕ್ಕ ಬರದ ಮರಿ ಬಿಸಿಲಲ್ಲಿ ಬೇಯ್ತಿರುತ್ತೆ. ಬಣ್ಣದ ಕೊಕ್ಕರೆಯನ್ನ ಮಧ್ಯಾಹ್ನದ ಬಿಸಿಲಲ್ಲಿ ನೋಡಬೇಕು ನೀವು. ರೆಕ್ಕೆ ಅರ್ಧ ಬಿಚ್ಚಿ, ಬಿಸಿಲಿಗೆ ಬೆನ್ನು ಕೊಟ್ಟು, ಮರಿಗಳ ಮೇಲೆ ಕೊಡೆ ಹಿಡಿದ ಹಾಗೆ ನಿಂತಿರುತ್ತೆ. ಸೂರ್ಯ ತಿರುಗಿದ ಹಾಗೆ ಅದೂ ತಿರುಗುತ್ತೆ.

ಹಾಗಾಗಿ ನಮ್ಮ ಕಾವಲೆಲ್ಲ ದಡದಿಂದ, ದೋಣಿಯಿಂದ. ಬೆಳಿಗ್ಗೆ ಆರಕ್ಕೆ ಬಂದ ತಕ್ಷಣ ನಾನು ನೋಡೋದು ಹಕ್ಕಿಯನ್ನಲ್ಲ, ನೀರನ್ನ. ದೋಣಿ ಕಟ್ಟೋ ಜಾಗದ ಹತ್ತಿರ ಒಂದು ಬಂಡೆ ಇದೆ, ಅದರ ಮೇಲಿನ ಗೆರೆಯೇ ನಮ್ಮ ಮೀಟರು. ಮೇಲುಗಡೆ ಕನ್ನಂಬಾಡಿ ಕಟ್ಟೆ ಇದೆಯಲ್ಲ, ನೀವೆಲ್ಲ ಕೆಆರ್‌ಎಸ್ ಅಂತೀರಿ, ಅದು 124.80 ಅಡಿ ತುಂಬಿತು ಅಂದ್ರೆ ಕೊಡಗಲ್ಲಿ, ಹಾಸನದಲ್ಲಿ ಬಿದ್ದ ಮಳೆಯೆಲ್ಲ ನೇರ ನಮ್ಮ ಮೇಲೆ. ಮಂಡ್ಯದೋರು ಬಾಗಿನ ಬಿಟ್ಟರು ಅಂತ ಖುಷಿಪಡ್ತಾರೆ, ನಾವು ದೋಣಿ ದಡಕ್ಕೆ ಎಳೆದು ಮರಕ್ಕೆ ಕಟ್ತೀವಿ. (ನಾನೂ ಮಂಡ್ಯ ಜಿಲ್ಲೆಯೋನೇ, ನಮ್ಮನೆ ಗದ್ದೆಗೂ ಅದೇ ನೀರು. ಬೇಡ ಅನ್ನೋಕಾಗುತ್ತಾ?) 2018ರಲ್ಲಿ, ಮತ್ತೆ 2019ರ ಆಗಸ್ಟಲ್ಲಿ ಹೊಳೆ ಬಂದಾಗ ತಗ್ಗಿನ ತಿಟ್ಟುಗಳು ಕಾಣಿಸ್ತಾನೇ ಇರಲಿಲ್ಲ, ಮರದ ತಲೆ ಮಾತ್ರ ನೀರಿನ ಮೇಲೆ. ಹೊಳೆ ಇಳಿದ ಮೇಲೆ ನೋಡಿದ್ರೆ ಮಣ್ಣು ಕೊಚ್ಚಿಹೋಗಿ ಬೇರು ಹೊರಗೆ. ದ್ವೀಪದ ಅಂಚಿಗೆ ಮರಳು ಮೂಟೆ ಪೇರಿಸೋದು ಅದಕ್ಕೇ. ನೋಡೋಕೆ ಚೆನ್ನಾಗಿಲ್ಲ ಅಂತ ಫೋಟೋ ತೆಗೆಯೋರು ಗೊಣಗ್ತಾರೆ, ಗೊಣಗಲಿ.

ಬೇಸಿಗೆಯಲ್ಲಿ ಇನ್ನೊಂದು ತರ. ನದಿ ರೀವ ಅಂತ ಒಂದು ಹಕ್ಕಿ, ಹಳದಿ ಕೊಕ್ಕು, ಕರಿ ಟೋಪಿ. ಅದಕ್ಕೆ ಗೂಡು ಗೀಡು ಗೊತ್ತಿಲ್ಲ, ಹೊಳೆ ಮಧ್ಯದ ಬರೀ ಬಂಡೆ ಮೇಲೆ ಎರಡೋ ಮೂರೋ ಮೊಟ್ಟೆ ಇಡುತ್ತೆ. ಅರ್ಧ ಅಡಿ ನೀರು ಏರಿದ್ರೆ ಸಾಕು, ಮುಗೀತು. ಮರದ ಮೇಲಿನ ಕೊಕ್ಕರೆಗಿಂತ ನನಗೆ ಚಿಂತೆ ಇದರದ್ದೇ.

ಅಂದಹಾಗೆ ಈ ತಿಟ್ಟುಗಳು ಮೊದಲಿಂದ ಹೀಗೆ ಇದ್ದವಲ್ಲ. ಕಂಠೀರವ ನರಸರಾಜ ಒಡೆಯರು 1645–48ರ ಹೊತ್ತಿಗೆ ಕಾವೇರಿಗೆ ಅಣೆ ಕಟ್ಟಿಸಿದಾಗ ನೀರು ನಿಂತು ಎತ್ತರದ ಜಾಗ ಮಾತ್ರ ಉಳಿದದ್ದು. ಅಣೆ ಕಟ್ಟಿಸಿದ್ದು ಗದ್ದೆಗೆ, ಲಾಭ ಆಗಿದ್ದು ಕೊಕ್ಕರೆಗೆ. ಆಮೇಲೆ ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ, ಮೈಸೂರು ಅರಸರಿಗೆ ಹೇಳಿ, 1940ರಲ್ಲಿ ಪಕ್ಷಿಧಾಮ ಆಯ್ತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಹಕ್ಕಿಗೆ ಇದು ಮಲಗೋ ಮನೆ ಅಷ್ಟೇ, ಊಟ ಸುತ್ತಲಿನ ಭತ್ತದ ಗದ್ದೆ, ಕೆರೆಗಳಲ್ಲಿ. ಬಾಯಿಕಳಕ ಕೊಕ್ಕರೆ ಗದ್ದೆಯ ಬಸವನಹುಳು ಹೆಕ್ಕಿ ತಿನ್ನುತ್ತೆ. ಗದ್ದೆಗೆ ಸಿಕ್ಕಾಪಟ್ಟೆ ಔಷಧಿ ಹೊಡೆದರೆ ನಾವಿಲ್ಲಿ ಗೇಟು ಕಾಯ್ದು ಏನು ಬಂತು?

ಒಂಬತ್ತರ ಮೇಲೆ ಜನ. ದೋಣಿಯಲ್ಲಿ ದಿನಾ ಕೇಳೋ ಪ್ರಶ್ನೆ: "ಆ ಮೊಸಳೆ ನಿಜವಾದ್ದಾ, ಗೊಂಬೆನಾ?" ಬಂಡೆ ಮೇಲೆ ಬಾಯಿ ತೆರಕೊಂಡು ಗಂಟೆಗಟ್ಟಲೆ ಅಲ್ಲಾಡದೆ ಬಿದ್ದಿರುತ್ತೆ, ಮೈ ಬಿಸಿ ಇಳಿಸಿಕೊಳ್ಳೋಕೆ. ಗೊಂಬೆ ಅಂದ್ಕೊಂಡೋರು ನೀರಿಗೆ ಕೈ ಇಳಿಬಿಡ್ತಾರೆ. ಬೈದ್ರೆ ಬೇಜಾರು. ಮರಿ ಗೂಡಿಂದ ಜಾರಿ ಬಿದ್ದರೆ ಎತ್ತಿ ಮೇಲಿಡಿ ಅಂತಾರೆ. ಇಡಲ್ಲ. ಕೆಳಗೆ ಮೊಸಳೆ ಕಾಯ್ತಿರೋದೂ ಅದಕ್ಕೇ, ಅದರ ಹೊಟ್ಟೆ ಅದಕ್ಕೆ.

ಆದರೆ ಮನುಷ್ಯರು ಮಾಡಿದ ತಪ್ಪಾದ್ರೆ ಬಿಡಿಸ್ತೀವಿ. ಒಂದು ಸಲ ಹಾವಿನಂಥ ಉದ್ದ ಕತ್ತಿನ ಹಾವಕ್ಕಿಯೊಂದು ಗಾಳದ ನೈಲಾನ್ ದಾರಕ್ಕೆ ಸಿಕ್ಕಿ ನೀರಿನ ಮೇಲಿನ ಕೊಂಬೆಯಲ್ಲಿ ತಲೆಕೆಳಗಾಗಿ ನೇತಾಡ್ತಿತ್ತು. ದಾರ ಎಲ್ಲೋ ಮೇಲಿನ ಹೊಳೆಯಲ್ಲಿ ಯಾರೋ ಕಿತ್ತು ಬಿಸಾಕಿದ್ದು. ನನಗೆ ಆಗ ಕೆಲಸ ಹೊಸತು. ಹುಟ್ಟು ಹಾಕ್ತಿದ್ದ ಅಣ್ಣ "ಮೊದ್ಲು ಕೊಕ್ಕು ಹಿಡಿಯೋ, ಕೊಕ್ಕು!" ಅಂತ ಕೂಗೋದರೊಳಗೆ ನಾನು ಮೈ ಹಿಡಿದಿದ್ದೆ. ಆ ಕತ್ತು ಸ್ಪ್ರಿಂಗಿನ ಹಾಗೆ ಬಿಚ್ಕೊಂಡು ಹುಬ್ಬಿಗೆ ಬಡೀತು. ಒಂದಿಂಚು ಕೆಳಗಾಗಿದ್ರೆ ಕಣ್ಣೇ ಹೋಗಿರೋದು. ಅಣ್ಣ ಟವಲ್ ಎಸೆದು ಅದರ ತಲೆ ಮುಚ್ಚಿದ, ಮುಚ್ಚಿದ್ದೇ ತಡ ಹಕ್ಕಿ ತಣ್ಣಗಾಯ್ತು. ಬ್ಲೇಡಲ್ಲಿ ದಾರ ಕುಯ್ಯೋವಾಗ ನೋಡ್ತೀನಿ, ಕಾಲಿನ ಚರ್ಮದೊಳಕ್ಕೇ ಇಳಿದುಬಿಟ್ಟಿತ್ತು. ಬಿಟ್ಟ ಮೇಲೆ ಮುಳುಗಿದ್ದು, ಆ ಕಡೆ ಕತ್ತು ಮಾತ್ರ ಎದ್ದದ್ದು ಕಾಣಿಸ್ತು. ಬದುಕಿತೋ ಇಲ್ವೋ. ಆವತ್ತಿಂದ ನನ್ನ ಜೇಬಲ್ಲಿ ಬ್ಲೇಡು, ಹೆಗಲ ಮೇಲೆ ಟವಲ್ ಇದ್ದೇ ಇರುತ್ತೆ.

ಮಧ್ಯಾಹ್ನ ಡಬ್ಬಿಯಲ್ಲಿ ಮುದ್ದೆ, ಉಪ್ಸಾರು. ಕೋತಿ ಬಿಟ್ಟರೆ ನಮಗೆ. ಸಂಜೆ ಗೇಟು ಹಾಕಿದ ಮೇಲೆ ಚಿಪ್ಸ್ ಕವರು ಆರಿಸೋ ಕೆಲಸ. ಅಷ್ಟರಲ್ಲಿ ಬೆಳ್ಳಕ್ಕಿ ಸಾಲುಸಾಲಾಗಿ ಬರ್ತಾ ಇರ್ತವೆ, ಬಾವಲಿಗಳು ಹೊರಡ್ತವೆ.

ಹಕ್ಕಿ ಪಕ್ಕದಲ್ಲೇ ಬದುಕಬೇಕು ಅನ್ನೋದೇ ನಿಮ್ಮ ಆಸೆಯಾದ್ರೆ ಇಲ್ಲಿಗಿಂತ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೋಡಿ. ಅಲ್ಲಿ ಹೆಜ್ಜಾರ್ಲೆ, ಅಂದ್ರೆ ಪೆಲಿಕನ್, ಮನೆ ಹಿತ್ತಲಿನ ಹುಣಸೆ ಮರದಲ್ಲೇ ಸಂಸಾರ ಮಾಡುತ್ತೆ. ಕೆಲಸ ಬಿಡೋಕೆ ಮುಂಚೆ ರಂಗನತಿಟ್ಟಿಗೂ ಒಂದು ಸಲ ಬನ್ನಿ, ಫೆಬ್ರವರಿಯಲ್ಲಿ, ವಾರದ ಮಧ್ಯೆ, ಬೆಳಿಗ್ಗೆ ಬೇಗ. ಒಳ್ಳೆ ಅಂಗಿ ಮಾತ್ರ ಹಾಕ್ಕೊಂಡು ಬರಬೇಡಿ, ದೋಣಿ ಮರದ ಕೆಳಗೇ ಹೋಗುತ್ತೆ.